ಮೆಟ್ಟಿಲ ಕೆಳಗಿನ ಸರ್ವರ್: ಹನ್ನೊಂದನೇ ಕಂತು

"ಕಾಲು ಸ್ವಲ್ಪ ಮಡಚ್ಕೋ ತಾಯಿ, ಕೀಬೋರ್ಡ್ ಇಡೋಕೂ ಜಾಗ ಇಲ್ಲ" ಅಂದರು ಭಾವ.

ಮಡಚೋ ಹಾಗಿದ್ದಿದ್ದರೆ ನಾನು ಇನ್ನೂ ಪೊಲೀಸ್ ಕೆಲಸದಲ್ಲೇ ಇರುತ್ತಿದ್ದೆ. ಬಲ ಮಂಡಿ ಕೈಕೊಟ್ಟು ಆರು ವರ್ಷವಾಯಿತು. ಈಗ ಖಾಸಗಿ ಪತ್ತೇದಾರಿ ಅಂತ ಬೋರ್ಡು ಹಾಕಿಕೊಂಡು ಕಂಡವರ ಮನೆಯ ಮೆಟ್ಟಿಲ ಕೆಳಗೆ ಕೂರುವ ಭಾಗ್ಯ ನನ್ನದು.

ಆ ಗೂಡಿನಲ್ಲಿ ಒಂದು ಮೋಟು ಸ್ಟೂಲು, ಒಂದು ಟೇಬಲ್ ಫ್ಯಾನು, ಪಕ್ಕದ ತಗಡು ಬಿಚ್ಚಿಟ್ಟ ಒಂದು ಹಳೇ ಕಂಪ್ಯೂಟರು, ಅದೇ ಆ ಮನೆಯ ಸರ್ವರ್. ಅಷ್ಟಕ್ಕೇ ಗೂಡು ತುಂಬಿತ್ತು. ಅದರ ಜೊತೆಗೆ ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ನಮ್ಮ ಭಾವ, ಜೊತೆಗೆ ನಾನು.

ಮನೆ ಯಜಮಾನರಾದ ಡ್ರಾಯಿಂಗ್ ಮೇಷ್ಟ್ರು ಇದೇ ಮೆಟ್ಟಿಲ ಬುಡದಲ್ಲಿ ತಲೆ ಒಡೆದು ಸತ್ತು ಮೂರು ದಿನ. ಸೊಸೆಯೇ ತಳ್ಳಿದ್ದು ಅಂತ ಪೊಲೀಸರ ಲೆಕ್ಕ, ಇವತ್ತು ಸಂಜೆ ಐದಕ್ಕೆ ಬಂದು ಅವಳನ್ನು ಕರೆದುಕೊಂಡು ಹೋಗುತ್ತಾರೆ. ಈಗ ಮೂರೂಕಾಲು.

ಸೊಸೆ ಒಳಕೋಣೆಯಲ್ಲಿ ಮಗಳ ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದಳು. ನಾಲ್ಕು ವರ್ಷದ ಮಗು, "ನಾವು ಎಲ್ಲಿಗೆ ಹೋಗ್ತಿದೀವಿ?" ಅಂತ ಕೇಳುವುದು ಕೇಳಿಸುತ್ತಿತ್ತು. ಐದಕ್ಕೆ ಜೀಪು ಬಂದರೆ ಮಗು ಒಂದು ಕಡೆ, ತಾಯಿ ಒಂದು ಕಡೆ. ಅದಕ್ಕೇ ನನ್ನನ್ನು ಕರೆಸಿದ್ದಳು. "ನಾನು ಮಾವನ ಮೈ ಮುಟ್ಟಿಲ್ಲ ಮೇಡಂ" ಅಂತ ಒಂದೇ ಮಾತು, ನಾಲ್ಕು ಸಲ. ಹೀಗೆ ಹೇಳಿದವರನ್ನು ನಾನು ಸರ್ವೀಸಿನಲ್ಲಿ ನೂರು ಜನ ನೋಡಿದ್ದೇನೆ, ಅದರಲ್ಲಿ ತೊಂಬತ್ತು ಜನ ಮುಟ್ಟಿದ್ದರು. ಆದರೂ ಇವಳನ್ನು ನಂಬಿದೆ. ಯಾಕೆ ಅಂತ ಕೇಳಬೇಡಿ, ಸುಸ್ತಾದವರಿಗೆ ಸುಸ್ತಾದವರು ಅರ್ಥವಾಗುತ್ತಾರೆ.

ಅವಳ ಗಂಡ ಹಾಲ್‌ನ ಸೋಫಾದಲ್ಲಿ ಕೂತಿದ್ದ. ಔಷಧಿ ಕಂಪನಿಯ ರೆಪ್ರೆಸೆಂಟೇಟಿವ್, ತಿಂಗಳಲ್ಲಿ ಇಪ್ಪತ್ತು ದಿನ ಊರೂರು ಅಲೆಯುವವನು. ಅಪ್ಪ ಸತ್ತ ದಿನವೂ ಊರಲ್ಲಿರಲಿಲ್ಲ, ರಾತ್ರಿ ಬಸ್ಸಿಳಿದು ಬಂದನಂತೆ. ಸರ್ವರ್‌ನಿಂದ ಆ ದಿನ ಬಾಗಿಲು ತೆರೆದ ದಾಖಲೆ, ಅಂದರೆ ಲಾಗ್, ತೆಗೆದು, ಪ್ರಿಂಟು ಹಾಕಿ, ಇನ್ಸ್‌ಪೆಕ್ಟರ್ ಕೈಗೆ ಕೊಟ್ಟವನು ಅವನೇ.

"ನ್ಯಾಯ ಅಂದ್ರೆ ನ್ಯಾಯ ಮೇಡಂ. ಹೆಂಡತಿ ಆದ್ರೇನು?" ಅಂದಿದ್ದ ನನ್ನ ಹತ್ತಿರ. ಎಂಥ ಸತ್ಯಸಂಧ! ನನಗೆ ಮೈ ಉರಿದಿತ್ತು.

ಆ ಪ್ರಿಂಟು ನನ್ನ ತೊಡೆಯ ಮೇಲಿತ್ತು. ಮೇಷ್ಟ್ರು ಮುಂಬಾಗಿಲಿಗೆ ಒಂದು ಸೆನ್ಸರ್ ಹಾಕಿದ್ದರು. ಬಾಗಿಲು ತೆರೆದಾಗಲೆಲ್ಲ ಸರ್ವರ್ ಒಂದು ಸಾಲು ಬರೆಯುತ್ತದೆ. ಬೆಲ್‌ನಲ್ಲಿ ಒಂದು ಪುಟ್ಟ ಕ್ಯಾಮೆರಾ. ಯಾರಾದರೂ ಬೆಲ್ ಒತ್ತಿದರೆ ಒಂದು ಫೋಟೋ, ಕೀ ಹಾಕಿಕೊಂಡು ಬಂದರೆ ಫೋಟೋ ಇಲ್ಲ. ಇದೆಲ್ಲ ಯಾವುದೋ ಕಂಪನಿಯ ಹೊಟ್ಟೆಗೆ ಯಾಕೆ ಹೋಗಬೇಕು, ನಮ್ಮನೇದು ನಮ್ಮನೇಲೇ ಇರಲಿ ಅನ್ನುವುದು ಮೇಷ್ಟ್ರ ವಾದ. ಹಾಗಂತ ಹತ್ತು ವರ್ಷದಿಂದ ಈ ಪೆಟ್ಟಿಗೆಗೆ ಸ್ನಾನ ಮಾಡಿಸೋದೇನು, ಫ್ಯಾನು ಬದಲಾಯಿಸೋದೇನು, ಡಿಸ್ಕ್ ಕೆಮ್ಮಿದರೆ ರಾತ್ರಿಯೆಲ್ಲ ಎದ್ದು ಕೂರೋದೇನು. ನಮ್ಮ ಭಾವನೂ ಅದೇ ಜಾತಿ. ಊರಲ್ಲಿ ಇಂಥವರು ಏಳು ಜನ ಇದ್ದಾರೆ, ತಿಂಗಳಿಗೊಮ್ಮೆ ಸೇರಿ ಕೂತು ಒಬ್ಬರ ಡಿಸ್ಕಿನ ಕಷ್ಟ ಒಬ್ಬರು ಕೇಳಿಸಿಕೊಳ್ಳುತ್ತಾರೆ.

ಬುಧವಾರ ಬೆಳಿಗ್ಗೆ ಸೊಸೆ ಮಗುವನ್ನು ಕರೆದುಕೊಂಡು ಹೊರಟ ಮೇಲೆ ಬಾಗಿಲು ತೆರೆದದ್ದು ಎರಡೇ ಸಲ. ಹನ್ನೊಂದು ನಲವತ್ತಕ್ಕೆ ಒಮ್ಮೆ, ಹನ್ನೆರಡು ನಲವತ್ತಕ್ಕೆ ಒಮ್ಮೆ. ಫೋಟೋ ಒಂದೂ ಇಲ್ಲ.

ಸೊಸೆ ಆಂಬುಲೆನ್ಸಿಗೆ ಫೋನ್ ಮಾಡಿದ್ದು ಹನ್ನೆರಡು ಹದಿನೆಂಟಕ್ಕೆ. ಮನೆಗೆ ಬಂದ ತಕ್ಷಣ ಮಾಡಿದೆ ಅನ್ನುತ್ತಾಳೆ. ಪೊಲೀಸರ ಲೆಕ್ಕ ಬೇರೆ. ಹನ್ನೊಂದು ನಲವತ್ತಕ್ಕೆ ಕೀ ಹಾಕಿಕೊಂಡು ಬಂದವಳು ಇವಳೇ, ಮಾವನನ್ನು ತಳ್ಳಿದಳು, ಅರ್ಧ ಗಂಟೆಗೂ ಮೇಲೆ ಸುಮ್ಮನೆ ಕೂತಳು, ಆಮೇಲೆ ಫೋನ್ ಮಾಡಿದಳು. ಹನ್ನೆರಡು ನಲವತ್ತು ಆಂಬುಲೆನ್ಸಿನವರದ್ದು, ಅವರೂ ಆ ಹೊತ್ತಿಗೇ ಬಂದೆವು ಅಂತ ಬರೆದುಕೊಟ್ಟಿದ್ದಾರೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂದಿದ್ದ ಇನ್ಸ್‌ಪೆಕ್ಟರ್.

ಗುರುವಾರ ಅವರು ಪ್ಲಗ್ ಕಿತ್ತು ಪೆಟ್ಟಿಗೆಗೆ ಮೊಹರು ಹಾಕಿದ್ದರು. ಇನ್ಸ್‌ಪೆಕ್ಟರ್ ಒಂದು ಕಾಲದಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತವನು, ಆ ಋಣಕ್ಕೆ ಇವತ್ತು ಎರಡು ಗಂಟೆ ನೋಡಲು ಬಿಟ್ಟಿದ್ದ. ಗೇಟಿನ ಹತ್ತಿರ ಒಬ್ಬ ಕಾನ್‌ಸ್ಟೇಬಲನ್ನೂ ಕೂರಿಸಿದ್ದ.

ಭಾವ ಸ್ವಿಚ್ ಒತ್ತಿದರು. ಪೆಟ್ಟಿಗೆ ಗೊರಗೊರ ಅಂದಿತು. ಪರದೆಯ ಮೇಲೆ ಅಕ್ಷರ ಓಡಿದವು. ಭಾವ ಕನ್ನಡಕ ಹಣೆಗೇರಿಸಿ, ಮತ್ತೆ ಇಳಿಸಿ, "ಅಯ್ಯೋ ಮೇಷ್ಟ್ರೇ" ಅಂದರು.

"ಏನಾಯ್ತು?"

"ಇದು ಹದಿನಾಲ್ಕು ವರ್ಷದ ಹಿಂದಿನ ಜನವರಿ ಒಂದನೇ ತಾರೀಕು ತೋರಿಸ್ತಿದೆ. ಒಳಗೆ ಒಂದು ಬಟನ್ ಸೆಲ್ ಇರತ್ತೆ, ಕರೆಂಟ್ ಇಲ್ಲದಾಗ ಗಡಿಯಾರ ನಡೆಸೋಕೆ. ಅದು ಸತ್ತಿದೆ. ನಾಳೆ ಹಾಕ್ತೀನಿ, ನಾಳಿದ್ದು ಹಾಕ್ತೀನಿ ಅಂತಿದ್ರು. ನಾವೆಲ್ಲ ಹಾಗೇ."

ನನ್ನ ತಲೆ ನಿಧಾನ. ಆದರೆ ನಿಂತಿಲ್ಲ.

"ಭಾವ, ಬುಧವಾರಕ್ಕೆ ಮುಂಚೆ ಇದು ಯಾವಾಗ ಆಫ್ ಆಗಿತ್ತು?"

ಅವರು ಹಿಂದಕ್ಕೆ ಹುಡುಕಿದರು. ಭಾನುವಾರ ಮೇಷ್ಟ್ರು ಧೂಳು ತೆಗೆಯಲು ಪೆಟ್ಟಿಗೆ ಆರಿಸಿದ್ದರು. ಮತ್ತೆ ಹಚ್ಚಿದಾಗ ಅದೇ ಹದಿನಾಲ್ಕು ವರ್ಷದ ಹಿಂದಿನ ಜನವರಿ. ಅದಾದ ಮೇಲಿನ ಸಾಲು ಒಂದೇ ನೆಗೆತಕ್ಕೆ ಈ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ.

"ಸೆಕೆಂಡು ನೋಡು" ಅಂದರು ಭಾವ. ಸೆಕೆಂಡಿನ ಜಾಗದಲ್ಲಿ ಎರಡು ಸೊನ್ನೆ. "ಇಂಟರ್ನೆಟ್ಟಿಂದ ತಾನೇ ಟೈಮ್ ತಗೊಂಡಿದ್ರೆ ಹೀಗೆ ದುಂಡಗೆ ಬರಲ್ಲ. ಇದು ಮನುಷ್ಯ ಕೈಯಾರೆ ಕೂರಿಸಿದ್ದು. ಮೇಷ್ಟ್ರು ಹೊರಗಿನ ಬಾಗಿಲೆಲ್ಲ ಮುಚ್ಚಿಟ್ಟಿದ್ರು, ಪೆಟ್ಟಿಗೆ ಹೊರಗಿಂದ ಟೈಮ್ ಕೇಳೋ ಹಾಗೇ ಇರಲಿಲ್ಲ. ಒಂದೇ ಒಂದು ಕಿಂಡಿ..."

ಅಲ್ಲಿಗೆ ಮಾತು ನುಂಗಿದರು. ನಾನು ಆಗ ಗಮನಿಸಲಿಲ್ಲ, ನನ್ನ ಕಣ್ಣು ಬೇರೆ ಕಡೆ ಇತ್ತು. ಸ್ಟೂಲಿನ ಮೇಲೆ ಕೂತು ಕತ್ತು ತಿರುಗಿಸಿದರೆ ಎದುರಿಗೇ ಊಟದ ಮನೆಯ ಗೋಡೆ ಗಡಿಯಾರ. ಅದರಲ್ಲಿ ನಾಲ್ಕು ಗಂಟೆ. ನನ್ನ ಫೋನಿನಲ್ಲಿ ಮೂರು ಮೂವತ್ತೈದು.

"ಏನಮ್ಮಾ" ಅಂತ ಸೊಸೆಯನ್ನು ಕೂಗಿದೆ. "ಈ ಗಡಿಯಾರ ಯಾಕೆ ಹೀಗೆ ಮುಂದಿದೆ?"

ಅವಳು ಮಗುವಿನ ಅಂಗಿ ಕೈಯಲ್ಲಿ ಹಿಡಿದೇ ಬಂದಳು. "ನಾನೇ ಮುಂದಿಟ್ಟಿದೀನಿ ಮೇಡಂ. ಇಪ್ಪತ್ತೈದು ನಿಮಿಷ. ಇಲ್ದಿದ್ರೆ ಇವಳು ಸ್ಕೂಲಿಗೆ ಹೊರಡೋದೇ ಇಲ್ಲ. ಮಾವಂಗೂ ಗೊತ್ತಿತ್ತು, ಆದ್ರೆ ಅವ್ರು ಅದನ್ನ ನೋಡಿ ನನಗೇ ಗಡಿಬಿಡಿ ಮಾಡ್ತಿದ್ರು. ಮರೀತಿದ್ರು."

ಭಾವನೂ ನಾನೂ ಮುಖ ಮುಖ ನೋಡಿಕೊಂಡೆವು. ಸತ್ತ ಮನುಷ್ಯ ಈ ಸ್ಟೂಲಿನ ಮೇಲೆ ಕೂತು, ಕತ್ತೆತ್ತಿ ಆ ಗಡಿಯಾರ ನೋಡಿ ಸರ್ವರ್‌ಗೆ ಟೈಮ್ ಕೊಟ್ಟಿದ್ದ.

"ಊಹೆ ಸಾಲದು, ಸಾಕ್ಷಿ ಬೇಕು" ಅಂದೆ.

ಭಾವ, ಯಾರೋ ಬಲವಂತ ಮಾಡಿದ ಹಾಗೆ, ತಮ್ಮ ಫೋನು ತೆಗೆದರು. "ಮಂಗಳವಾರ ಮಧ್ಯಾಹ್ನ ನಮ್ಮ ಏರಿಯಾದಲ್ಲೆಲ್ಲ ಕರೆಂಟ್ ಹೋಗಿತ್ತಲ್ಲ. ಇಂಟರ್ನೆಟ್ಟಿಂದ ಟೈಮ್ ತಗೊಳ್ಳೋ ನಮ್ಮನೆ ಸರ್ವರ್ ಅದನ್ನ ಬರ್ಕೊಂಡಿದೆ, ಎರಡು ಗಂಟೆ ಹತ್ತು ನಿಮಿಷ. ಮೇಷ್ಟ್ರ ಪೆಟ್ಟಿಗೆಗೂ ಯುಪಿಎಸ್ ಇದೆ. ಅದೂ ಬರ್ಕೊಂಡಿರಬೇಕು."

ಬರೆದುಕೊಂಡಿತ್ತು. ಎರಡು ಮೂವತ್ತೈದು.

ಹಾಗಾದರೆ ಎಲ್ಲದರಲ್ಲೂ ಇಪ್ಪತ್ತೈದು ಕಳೆಯಿರಿ. ಹನ್ನೆರಡು ನಲವತ್ತು ಅಂದರೆ ಹನ್ನೆರಡೂಕಾಲು. ಸೊಸೆ ಒಳಗೆ ಬಂದಳು, ನೋಡಿದಳು, ಮೂರೇ ನಿಮಿಷಕ್ಕೆ ಫೋನ್ ಮಾಡಿದಳು. ಗಾಬರಿಯಲ್ಲಿ ಬಾಗಿಲು ತೆರೆದೇ ಬಿಟ್ಟಿದ್ದಳು, ಆಂಬುಲೆನ್ಸಿನವರು ಅದನ್ನು ಮುಟ್ಟಲೇ ಇಲ್ಲ. ಇನ್ನು ಮೊದಲನೇ ಸಾಲು ಹನ್ನೊಂದೂಕಾಲು. ಆ ಹೊತ್ತಿಗೆ ಇವಳು ಸ್ಕೂಲಿನಲ್ಲಿ ಮಗಳ ಟೀಚರ್ ಎದುರು ಕೂತಿದ್ದಳು, ಅದನ್ನು ಆ ಟೀಚರೇ ಹೇಳಿದ್ದಾರೆ.

ಹೇಳಿದಾಗ ಅವಳು ಅಳಲಿಲ್ಲ. ನೆಲದ ಮೇಲೆ ಕೂತಳು. "ನಂದೇ ತಪ್ಪು, ಗಡಿಯಾರ ಮುಂದಿಟ್ಟಿದ್ದು" ಅಂದಳು. ನೋಡಿ, ಹೆಂಗಸರ ಹಣೆಬರಹ. ಕೊಲೆ ಆರೋಪ ತಪ್ಪುತ್ತಿದ್ದರೂ ತಪ್ಪು ಹುಡುಕಿ ತನ್ನ ತಲೆಗೆ ಹಾಕಿಕೊಳ್ಳಬೇಕು.

ಇನ್ಸ್‌ಪೆಕ್ಟರ್‌ಗೆ ಫೋನ್ ಹಚ್ಚಿದೆ. ಪೂರ್ತಿ ಕೇಳಿಸಿಕೊಂಡ.

"ಮೇಡಂ, ನಿಮ್ಮ ಮೇಲೆ ಗೌರವ ಇದೆ. ಆದ್ರೆ ನಮ್ಮ ಸಾಹೇಬ್ರ ಮುಂದೆ ಹೋಗಿ ಗಡಿಯಾರ, ಬಟನ್ ಸೆಲ್ಲು ಅಂದ್ರೆ ನನ್ನನ್ನೇ ಒಳಗೆ ಹಾಕ್ತಾರೆ. ಕೀ ಇರೋದು ಮೂರು. ಒಂದು ಸತ್ತವರದ್ದು, ಒಂದು ಊರಲ್ಲಿಲ್ಲದ ಮಗಂದು, ಇನ್ನೊಂದು ಈಕೇದು. ಹನ್ನೊಂದೂಕಾಲಿಗೆ ಬಂದೋರು ಬೇರೆ ಯಾರೋ ಅಂದ್ರೆ ಬೆಲ್ ಒತ್ತಿರಬೇಕು, ಫೋಟೋ ಇರಬೇಕು. ಆ ಮುಖ ತೋರಿಸಿ, ಅಲ್ಲೇ ಈಕೇನ ಬಿಡ್ತೀನಿ. ಐದರ ತನಕ ಟೈಮು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಹಾಗೇ ಮಲಗಿಬಿಡಬೇಕು ಅನ್ನಿಸಿತು. ಆಗ ಹೊಳೆಯಿತು, ಭಾವ ಆಗಲೇ ಏನೋ ಅಂದು ನುಂಗಿದ್ದರಲ್ಲ.

"ಭಾವ, ಒಂದೇ ಒಂದು ಕಿಂಡಿ ಅಂದ್ರಲ್ಲ. ಅದು ಎಲ್ಲಿಗೆ?"

"ನಾನೇನೂ ಮುಟ್ಟಿಲ್ಲಪ್ಪ" ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕಣ್ಣು ಬಿಟ್ಟೆ.

"ಮುಟ್ಟಿದೀರಿ ಅಂತ ಯಾರಂದ್ರು? ಎಲ್ಲಿಗೆ ಅಂತ ಕೇಳ್ದೆ."

ಅವರ ಬೆರಳು ಪರದೆಯನ್ನು ಮೇಲಕ್ಕೆ ಓಡಿಸುತ್ತಿತ್ತು. ಸಾಲುಗಳು ಸರಸರ ಹೋದವು. ಸುಸ್ತಾದ ಕಣ್ಣಾದರೂ ಪೊಲೀಸ್ ಕಣ್ಣು. ಬುಧವಾರ ಸಂಜೆಯ ಜಾಗದಲ್ಲಿ, ಒಂದು ಫೈಲ್ ಅಳಿಸಲಾಗಿದೆ ಅನ್ನುವ ಸಾಲಿನ ಪಕ್ಕ, ಇಂಗ್ಲಿಷ್ ಅಕ್ಷರದಲ್ಲಿ ಒಂದು ಹೆಸರು ಕಂಡಿತು. ಕುಂಭಕರ್ಣ.

ಇವರು ಏಳೂ ಜನ ತಮ್ಮ ಸರ್ವರ್‌ಗಳಿಗೆ ಮಕ್ಕಳಿಗೆ ಇಟ್ಟ ಹಾಗೆ ಹೆಸರಿಡುತ್ತಾರೆ. ನಮ್ಮಕ್ಕನ ಮನೆಯಲ್ಲಿ ವಾಷಿಂಗ್ ಮೆಷಿನ್ ಹಿಂದೆ ಇರುವ ಪೆಟ್ಟಿಗೆ ಎಬ್ಬಿಸಿದರೆ ಹತ್ತು ನಿಮಿಷ ಏಳುವುದಿಲ್ಲ, ಅದಕ್ಕೇ ಭಾವ ಅದಕ್ಕೆ ಇಟ್ಟ ಹೆಸರು ಅದು.

ನಾನು ಗೂಡಿನ ಬಾಗಿಲು ಎಳೆದುಕೊಂಡೆ. ಟೇಬಲ್ ಫ್ಯಾನಿನ ಸದ್ದೊಂದೇ ಉಳಿಯಿತು.

"ಇಲ್ಲಿಗೆ ಬರೋವಾಗ, ಮೇಷ್ಟ್ರು ತಿಂಗಳ ಸಭೆಯಷ್ಟೇ ಪರಿಚಯ ಅಂದಿದ್ರಿ."

"ಹೂಂ."

"ಭಾವ."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಎಷ್ಟು ಒರೆಸಿದರೂ ಮುಗಿಯಲಿಲ್ಲ. "ನಾವು ಜೋಡಿ ಕಣಮ್ಮ. ಮನೆಗೆ ಬೆಂಕಿ ಬಿದ್ರೆ, ಕಳ್ಳ ಬಂದ್ರೆ ಎಲ್ಲಾ ಹೋಗಬಾರದಲ್ಲ. ಅವ್ರ ಪ್ರತಿ ನಮ್ಮನೇಲಿ, ನಮ್ಮ ಪ್ರತಿ ಅವ್ರ ಮನೇಲಿ. ಗಂಟೆಗೊಂದು ಸಲ ತಾನಾಗೇ ಬರತ್ತೆ. ಆ ಕಿಂಡಿ ಅದಕ್ಕೇ ಬಿಟ್ಟಿದ್ದು."

"ಬುಧವಾರದ ಫೋಟೋ ನೋಡಿದ್ರಿ."

"ಸುದ್ದಿ ಗೊತ್ತಾದ ತಕ್ಷಣ ನೋಡ್ದೆ. ಒಂದೇ ಫೋಟೋ ಇತ್ತು. ಇಲ್ಲಿಂದ ಅಳಿಸ್ದೆ."

"ಯಾರದ್ದು?"

ಅವರು ಮುಖ ಗೋಡೆ ಕಡೆ ತಿರುಗಿಸಿದರು.

ನನಗೆ ಸಿಟ್ಟು ನೆತ್ತಿಗೇರಿತು. ಧ್ವನಿ ಮಾತ್ರ ಏರಲಿಲ್ಲ, ಏರಿಸುವ ಶಕ್ತಿ ಇರಲಿಲ್ಲ. "ಫೋಟೋ ಇಲ್ಲ ಅಂತ ತಾನೇ ಕೀ ಇದ್ದೋರು ಬಂದ್ರು ಅಂದಿದ್ದು? ನೀವು ಅಳಿಸಿದ್ದಕ್ಕೆ ಆ ಹುಡುಗಿ ಮಗಳ ಬಟ್ಟೆ ಕಟ್ತಾ ಕೂತಿದಾಳೆ ಭಾವ. ಮೂರು ದಿನದಿಂದ. ನಿಮಗೆ ಅನ್ನ ಹೇಗೆ ಇಳೀತು?"

"ಇಳೀಲಿಲ್ಲ" ಅಂದರು. ಕಣ್ಣಲ್ಲಿ ನೀರಿತ್ತು. "ಅದಕ್ಕೇ ಬಂದೆ. ಗಡಿಯಾರದ ವಿಷಯ ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಇವಳು ಬಚಾವಾದ್ರೆ ಸಾಕು, ಆ ಫೋಟೋ ಬೇಕಾಗಲ್ಲ ಅನ್ಕೊಂಡೆ."

"ನಿಮ್ಮನೇಲಿರೋ ಪ್ರತೀನೂ ಅಳಿಸಿದ್ರಾ?"

ಅವರು ತಲೆ ತಗ್ಗಿಸಿದರು. "ಎರಡು ಸಲ ಕೂತೆ ಅಳಿಸೋಕೆ. ಕೈ ಬರಲಿಲ್ಲ. ಬ್ಯಾಕಪ್ ಅಲ್ವಾ. ಇನ್ನೊಬ್ಬರು ನಂಬಿ ಕೊಟ್ಟಿದ್ದು. ಹೆಂಗೆ ಅಳಿಸೋದು?"

ದೇವರೇ. ಸಾಕ್ಷಿ ಅಳಿಸಲು ಕೈ ಬರುತ್ತದೆ, ಸತ್ತವನ ಬ್ಯಾಕಪ್ ಅಳಿಸಲು ಕೈ ಬರುವುದಿಲ್ಲ. ಈ ಹುಚ್ಚರಿಗೆ ಇರುವ ಮರ್ಯಾದೆಯೇ ಬೇರೆ. ಇವರನ್ನು ಬೈಯಬೇಕೋ ಕೈ ಮುಗಿಯಬೇಕೋ ನನಗೆ ತಿಳಿಯಲಿಲ್ಲ.

ಅಕ್ಕನ ಮನೆ ಎರಡು ಬೀದಿ ಆಚೆ. ಹೊರಡುವಾಗ ಸೊಸೆ ಬಾಗಿಲ ತನಕ ಬಂದಳು. "ಮೇಡಂ, ಐದಕ್ಕೆ..." ಅಂದಳು. "ಬರ್ತೀನಿ" ಅಂದೆ. ಅವಳ ಗಂಡ ಸೋಫಾದಿಂದೆದ್ದು ವಿನಯವಾಗಿ ಗೇಟು ತೆಗೆದುಕೊಟ್ಟ. ಏನಾದ್ರೂ ಸಿಕ್ತಾ ಅಂತಲೂ ಕೇಳಿದ. ಸಿಗತ್ತೆ ಅಂದೆ.

ದಾರಿಯಲ್ಲಿ ನನಗೆ ಕೇಳುವ ಧೈರ್ಯವಿರಲಿಲ್ಲ. ಸುಳ್ಳು ಯಾಕೆ, ಅರ್ಧ ದಾರಿಗೇ ಗೊತ್ತಾಗಿತ್ತು. ಭಾವ ತಮ್ಮನ್ನು ಉಳಿಸಿಕೊಳ್ಳಲು ಸುಳ್ಳು ಹೇಳುವ ಜೀವ ಅಲ್ಲ. ಅವರು ಸುಳ್ಳು ಹೇಳುವುದು ಒಬ್ಬರಿಗೋಸ್ಕರ ಮಾತ್ರ.

ಬಾಗಿಲು ತೆಗೆದದ್ದು ಅಕ್ಕ. "ಏನೇ, ಮುಖ ಹಿಂಗಾಗಿದೆ? ಏನಾದ್ರೂ ತಿಂದ್ಯಾ?" ಅಂದಳು. ನನ್ನನ್ನು ಸಾಕಿದವಳು ಅವಳು. ಅಮ್ಮ ಹೋದಾಗ ನನಗೆ ಎಂಟು, ಅವಳಿಗೆ ಹದಿನೇಳು. ನಾನು ನೇರ ವಾಷಿಂಗ್ ಮೆಷಿನ್ ಕಡೆ ನಡೆದೆ.

ಕುಂಭಕರ್ಣ ಎಚ್ಚರವಾಗಿಯೇ ಇದ್ದ. ಭಾವ ನಿಂತುಕೊಂಡೇ ನಾಲ್ಕು ಅಕ್ಷರ ಒತ್ತಿದರು, ಆಮೇಲೆ ಪಕ್ಕಕ್ಕೆ ಸರಿದರು.

ಫೋಟೋದಲ್ಲಿ ಅಕ್ಕ. ಮೇಷ್ಟ್ರ ಮನೆ ಬೆಲ್ ಒತ್ತಿ, ಹುಬ್ಬು ಗಂಟಿಕ್ಕಿ ಕ್ಯಾಮೆರಾ ನೋಡುತ್ತಿದ್ದಾಳೆ. ಕೈಯಲ್ಲಿ ಬಟ್ಟೆ ಚೀಲ, ಒಳಗೆ ಏನೋ ಚೌಕ, ಭಾರದ್ದು. ಮೂಲೆಯಲ್ಲಿ ಹನ್ನೊಂದು ನಲವತ್ತು.

ಫೋನಿನಲ್ಲಿ ನಾಲ್ಕು ಐವತ್ತೊಂದು. ಇದನ್ನು ಕಳಿಸಿದರೆ ಆ ತಾಯಿ ಮಗಳ ಜೊತೆ ಉಳಿಯುತ್ತಾಳೆ. ಕಳಿಸಿದರೆ ಜೀಪು ಇಲ್ಲಿಗೆ ಬರುತ್ತದೆ. ಇಪ್ಪತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿದ ಕೈ ಫೋನನ್ನು ವಾಷಿಂಗ್ ಮೆಷಿನ್ ಮೇಲಿಟ್ಟು ಮತ್ತೆ ಎತ್ತಿಕೊಂಡಿತು.

"ಚೀಲದಲ್ಲಿ ಏನಿತ್ತು ಅಕ್ಕ?"

ಅಕ್ಕ ಪರದೆ ನೋಡಿದಳು, ಗಂಡನ ಮುಖ ನೋಡಿದಳು. "ಮೇಷ್ಟ್ರ ಡಿಸ್ಕು. ವಾಪಸ್ ಕೊಡೋಕೆ ಹೋಗಿದ್ದೆ. ಹಗಲೂ ರಾತ್ರಿ ಗುಂಯ್ ಅನ್ನತ್ತೆ ಕಣೇ, ನನಗೆ ನಿದ್ದೆ ಇಲ್ಲ. ನಮ್ಮನೆ ಪೆಟ್ಟಿಗೇನೇ ಸಾಕಾಗಿದೆ, ಇನ್ನೊಬ್ಬರದ್ದೂ ನಾನ್ಯಾಕೆ ಸಹಿಸ್ಲಿ? ನಿಮ್ಮ ಭಾವಂಗೆ ಗೊತ್ತಾಗೋ ಮುಂಚೆ ಕೊಟ್ಟುಬಿಡೋಣ ಅಂತ ಕಿತ್ಕೊಂಡು ಹೋದೆ. ಕೊಡೋಕೆ ಆಗಲಿಲ್ಲ, ವಾಪಸ್ ತಂದು ಸಿಗಿಸ್ದೆ. ಅದಕ್ಕೇ ಈ ಮನುಷ್ಯ ಬಾಯಿ ಬಿಡಬೇಡ, ಬಾಯಿ ಬಿಡಬೇಡ ಅಂತ ನನ್ನ ಪ್ರಾಣ ತಿಂತಿದಾರೆ."

"ಇದನ್ನ ನಾನು ಕಳಿಸ್ಬೇಕು ಅಕ್ಕ. ಕಳಿಸದಿದ್ರೆ ಆ ಹುಡುಗೀನ ಕರ್ಕೊಂಡು ಹೋಗ್ತಾರೆ."

"ಮಗು ಇರೋಳು" ಅಂದಳು ಅಕ್ಕ. "ಕಳ್ಸು. ನಾನೇನು ಓಡಿ ಹೋಗ್ತೀನಾ?"

ಭಾವ ಅಲ್ಲೇ ವಾಷಿಂಗ್ ಮೆಷಿನ್ ಹಿಡಿದುಕೊಂಡು ಕುಕ್ಕರಿಸಿದರು. ನಾನು ಪರದೆಯ ಫೋಟೋ ತೆಗೆದೆ. ಕಳಿಸಿದೆ.

ಎರಡು ನಿಮಿಷಕ್ಕೆ ಇನ್ಸ್‌ಪೆಕ್ಟರ್‌ನಿಂದ ಉತ್ತರ ಬಂತು. 'ಸಾಕು ಮೇಡಂ. ಆಕೇನ ಬಿಟ್ಟೆ. ಕಾನ್‌ಸ್ಟೇಬಲ್‌ನ ವಾಪಸ್ ಕರೆಸ್ತಿದೀನಿ. ಫೋಟೋದಲ್ಲಿರೋದು ಯಾರು?'

ಅಷ್ಟಾದರೂ ಆಯಿತಲ್ಲ ಅಂತ ಹತ್ತು ನಿಮಿಷ ಕುರ್ಚಿಯ ಮೇಲೆ ಬಿದ್ದುಕೊಂಡೆ. ಅಕ್ಕ ಒಂದು ಲೋಟ ನೀರು ತಂದುಕೊಟ್ಟಳು. ನಾನು ಕುಡಿದು ಮುಗಿಸುವ ತನಕ ಎದುರಿಗೇ ನಿಂತಿದ್ದಳು. ಕೈದಿ ಪೊಲೀಸರಿಗೆ ನೀರು ಕೊಡುವುದನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ.

"ಮೇಷ್ಟ್ರು ಏನಂದ್ರು ಅಕ್ಕ? ಡಿಸ್ಕು ಯಾಕೆ ತಗೊಳ್ಳಲಿಲ್ಲ?"

"ಮೇಷ್ಟ್ರನ್ನ ನಾನು ನೋಡ್ಲೇ ಇಲ್ವಲ್ಲೇ. ಅಪ್ಪ ಮಲಗಿದಾರೆ, ಆಮೇಲೆ ಬನ್ನಿ ಅಂದ. ಬಾಗಿಲು ಅರ್ಧ ತೆಗೆದು ಅಲ್ಲೇ ನಿಂತಿದ್ದ."

"ಯಾರು?"

"ಅವ್ರ ಮಗ. ಇನ್ಯಾರು?"

ಲೋಟ ಕೆಳಗಿಟ್ಟೆ. "ಅವನು ಅವತ್ತು ಊರಲ್ಲೇ ಇರಲಿಲ್ಲ ಅಕ್ಕ."

"ಇರಲಿಲ್ಲ ಅಂದ್ರೆ? ನಾನು ಮಾತಾಡಿದೀನಿ ಕಣೇ. 'ಹಿತ್ತಿಲ ಬಾಗಿಲು' ಅಂತ ಚೀಟಿ ಅಂಟಿಸಿದ ಕೀ ಗೊಂಚಲು ಕೈಯಲ್ಲೇ ಹಿಡ್ಕೊಂಡಿದ್ದ. ನನ್ನ ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ."

ಹಿತ್ತಿಲ ಬಾಗಿಲಿಗೆ ಮೇ­ಷ್ಟ್ರು ಸೆನ್ಸರ್ ಹಾಕಿರಲಿಲ್ಲ.

ಸೊಸೆಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಇನ್ಸ್‌ಪೆಕ್ಟರ್‌ಗೆ ಮಾಡಿದೆ, ಮೊದಲ ರಿಂಗಿಗೇ ಎತ್ತಿದ.

"ಆ ಹೆಣ್ಣುಮಗಳು ಎಲ್ಲಿದಾಳೆ?"

"ಬಿಟ್ಟೆ ಅಂದ್ನಲ್ಲ ಮೇಡಂ. ಪಾಪ, ಗಂಡ ಕಾನ್‌ಸ್ಟೇಬಲ್ ಫೋನಲ್ಲಿ ಗೋಗರೆದು ಕೇಳ್ಕೊಂಡ, ಸಂಶಯ ಪಟ್ಟಿದ್ದು ನನ್ನ ತಪ್ಪು, ನಾಲ್ಕು ದಿನ ಎಲ್ಲಾದ್ರೂ ದೂರ ಕರ್ಕೊಂಡು ಹೋಗಿ ಸಮಾಧಾನ ಮಾಡ್ತೀನಿ ಅಂತ. ನಾನೇ ಹೂಂ ಅಂದೆ. ಅವಳನ್ನೂ ಮಗೂನೂ ಕಾರಲ್ಲಿ ಕೂರಿಸ್ಕೊಂಡು ಹೊರಟು ಐದು ನಿಮಿಷ ಆಯ್ತು."